ಲಮೈ ನರ್ಸಮ್ಮನ ಇಪ್ಪತ್ಮೂರನೇ ಕಲಮು

ಬ್ಯಾಂಕಾಕಿನಿಂದ ದೂರದ, ನಾನ್ ಎಂಬ ನದಿಯ ದಂಡೆಯ ತಾ ಸದಾವ್ ಊರಿನಲ್ಲಿ ಲಮೈಯ ಬಾಯಿಗೆ ಹೆದರದವರು ಇರಲಿಲ್ಲ. ಬಸುರಿ ಹೆಂಗಸು ಉಪ್ಪು ಮೀನು ತಿಂದು ಕಾಲು ಊದಿಸಿಕೊಂಡು ಬಂದರೆ ಅವಳಿಗೂ ಬೈಗುಳ, ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ಗಂಡನಿಗೂ ಬೈಗುಳ. "ನಿನ್ನ ಜೂಜಿನ ಹುಂಜಕ್ಕಾದ್ರೆ ಅಳೆದು ತೂಗಿ ತಿನ್ನಿಸ್ತೀಯ. ಹೆಂಡ್ತಿ ಏನು ತಿಂತಾಳೆ ಅಂತ ಮಾತ್ರ ಗೊತ್ತಿಲ್ಲ, ಅಲ್ವಾ?" ಎಂದು ಎಲ್ಲರೆದುರಿಗೇ ಕೇಳಿಬಿಡುತ್ತಿದ್ದಳು. ಬೈಸಿಕೊಂಡವರೇ ಮರುವಾರ ಹಿತ್ತಲ ಬಾಳೆಗೊನೆ ತಂದು ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಮೂವತ್ತು ವರ್ಷ ಅವಳು ಅಲ್ಲಿ ಹೆರಿಗೆ ನೋಡುವ ನರ್ಸು. ಊರಿನ ಅರ್ಧ ಜನ ಮೊದಲು ಕಂಡ ಮುಖ ತಾಯಿಯದಲ್ಲ, ಲಮೈ ನರ್ಸಮ್ಮನದು.

ಗಂಡ ಪ್ರಾಯೂನ್ ಒಳ್ಳೆಯವನು, ಮಾತು ಕಡಿಮೆ. ಅಣ್ಣ ಸಂಗುವನ್ ಜೊತೆ ಸೇರಿ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದ. ಮದುವೆ ಕರೆಯೋಲೆ, ವಿಹಾರದ ರಸೀದಿ ಪುಸ್ತಕ, ಸತ್ತವರ ನೆನಪಿಗೆ ದಹನದ ದಿನ ಹಂಚುವ ತೆಳು ಹೊತ್ತಗೆ, ಇಷ್ಟೇ ಅಲ್ಲಿನ ಕೆಲಸ. ಬಣ್ಣದ ಕಂಪ್ಯೂಟರ್ ಅಂಗಡಿಗಳು ಬಂದಮೇಲೆ ಅದು ಕುಂಟುತ್ತ ಕುಂಟುತ್ತ ನಿಂತುಹೋಯಿತು. ಯಂತ್ರ ಗುಜರಿಗೆ ಹೋಯಿತು. ಆ ಕೋಣೆಯಲ್ಲಿ ಸಂಗುವನ್ ತನ್ನ ಹುಂಜಗಳ ಪಂಜರ ಇಟ್ಟುಕೊಂಡ. ಅದಾದ ಮೇಲೆ ಪ್ರಾಯೂನ್ ಪಿತ್ತಕೋಶದ ಕಾಯಿಲೆಯಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಲಮೈ ಇನ್ನಷ್ಟು ಗಟ್ಟಿಯಾಗಿ ಬೈಯಲು ಕಲಿತಳು, ಅಷ್ಟೆ.

ರಾಜಕೀಯ ಅವಳಿಗೆ ಬೇಕಾಗಿರಲಿಲ್ಲ. ಅದನ್ನು ಅವಳ ಬಾಗಿಲಿಗೆ ತಂದದ್ದು ಒಂದು ದೋಣಿ.

ಆ ವರ್ಷದ ನೆರೆಯಲ್ಲಿ ನದಿ ದಂಡೆ ದಾಟಿ, ಗದ್ದೆ ದಾಟಿ, ಶಾಲೆಯ ಮೊದಲ ಮಹಡಿಯವರೆಗೆ ಬಂದಿತ್ತು. ಹತ್ತೊಂಬತ್ತರ ಹುಡುಗಿ ಕಾಂದಾ ಶಾಲೆಯ ಮೇಲುಮಹಡಿಯಲ್ಲಿ ಹೆತ್ತಳು. ಮಗು ಬಂತು, ರಕ್ತ ನಿಲ್ಲಲಿಲ್ಲ. ಲಮೈ ಎರಡೂ ಮುಷ್ಟಿ ಬಿಗಿದು ಅವಳ ಹೊಟ್ಟೆ ಒತ್ತಿ ಹಿಡಿದುಕೊಂಡೇ ತುರ್ತು ದೋಣಿಗೆ ಫೋನ್ ಮಾಡಿಸಿದಳು. ಹೋಬಳಿಗೆ ಅಂತ ಹಿಂದಿನ ವರ್ಷವೇ ಒಂದು ತುರ್ತು ದೋಣಿ ಬಂದಿತ್ತು. ಬೆಳಗ್ಗೆ ಎಂಟಕ್ಕೆ ಮಾಡಿದ ಫೋನು, ಹನ್ನೊಂದಾದರೂ ದೋಣಿಯಿಲ್ಲ. ಹನ್ನೊಂದೂವರೆಗೆ ಕಾಂದಾಳ ತುಟಿ ಬೂದಿ ಬಣ್ಣಕ್ಕೆ ತಿರುಗಿತು, ಉಸಿರು ನಿಂತಿತು. ದೋಣಿ ಇದ್ದದ್ದು ಕೆಳದಂಡೆಯಲ್ಲಿ, ಕಮ್ನಾನ್ ಥವಿನ್‌ನ ತೇಲುವ ಹೋಟೆಲಿನ ಹತ್ತಿರ. ಅಲ್ಲಿ ಅದು ಗಿರಾಕಿಗಳನ್ನೂ ಐಸ್ ಪೆಟ್ಟಿಗೆಗಳನ್ನೂ ಸಾಗಿಸುತ್ತಿತ್ತು.

ಥವಿನ್ ಹೋಬಳಿಯ ಯಜಮಾನ. ಕಮ್ನಾನ್, ಅಂದರೆ ಹೋಬಳಿ ಮುಖ್ಯಸ್ಥನ, ಪದವಿ ಬಿಟ್ಟು ಹತ್ತು ವರ್ಷವಾಗಿದ್ದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಅಕ್ಕಿ ಗಿರಣಿ ಅವನದು, ಮರಳು ಅವನದು, ರಸ್ತೆ ಗುತ್ತಿಗೆ ಅವನದು. ಲಮೈ ತನ್ನ ಕೈಯಾರೆ ದೂರು ಬರೆದು, ಹೆಸರು ಹಾಕಿ, ಮೇಲಿನವರಿಗೆ ಕಳಿಸಿದಳು. ದೋಣಿ ಆ ದಿನ ರಿಪೇರಿಯಲ್ಲಿತ್ತು ಎಂದು ಉತ್ತರ ಬಂತು. ಅದರ ಬೆನ್ನಿಗೇ ಇನ್ನೊಂದು ಕಾಗದ. ಕೆಲಸದ ಅನುಕೂಲಕ್ಕಾಗಿ ಲಮೈಯನ್ನು ಬೆಟ್ಟದ ಕಡೆಯ ಕೇಂದ್ರಕ್ಕೆ ವರ್ಗ ಮಾಡಲಾಗಿದೆ. ಅವಳು ವರ್ಗದ ಕಾಗದದ ಬೆನ್ನ ಮೇಲೇ ರಾಜೀನಾಮೆ ಬರೆದು ಕೊಟ್ಟಳು. ಹಾಗೆ ಬರೆದರೆ ನಡೆಯೋದಿಲ್ಲ ಎಂದು ಗುಮಾಸ್ತ ಬೇರೆ ಹಾಳೆ ಕೊಟ್ಟ. ಅದರ ಮೇಲೂ ಬರೆದಳು.

ಸಂಸತ್ತಿನ ಚುನಾವಣೆಗೆ ನಿಲ್ಲಿ ಎಂದು ಹೊಸ ಹೆಜ್ಜೆ ಪಕ್ಷದ ಹುಡುಗರು ಅವಳನ್ನು ಹುಡುಕಿಕೊಂಡು ಬಂದದ್ದು ಜೇ ಗಿಮ್‌ಳ ನೂಡಲ್ ಅಂಗಡಿಗೆ. ಊರಿನ ಚೀನೀ ಮನೆತನದ ಗಿಮ್‌ಳನ್ನು ಎಲ್ಲರೂ ಜೇ, ಅಂದರೆ ಅಕ್ಕ, ಎಂದೇ ಕರೆಯುವುದು. ಅವಳೂ ಲಮೈಯೂ ಒಂದೇ ಬೆಂಚಿನಲ್ಲಿ ಓದಿದವರು. ಹುಡುಗರ ಮಾತೆಲ್ಲ ಕೇಳಿಸಿಕೊಂಡು ಜೇ ಗಿಮ್ ಸೌಟು ಹಿಡಿದುಕೊಂಡೇ ನಕ್ಕಳು.

"ನೀನು ಎಲೆಕ್ಷನ್ನಿಗೆ? ಜನಕ್ಕೆ ಕೈ ಮುಗಿಯೋಕೆ ಬರುತ್ತೇನೇ ನಿಂಗೆ? ಬೈಯೋದು ಬಿಟ್ಟು ಬೇರೆ ಏನು ಬರುತ್ತೆ?"

"ಬೈದೇ ಓಟು ಕೇಳ್ತೀನಿ ಬಿಡು."

ಹಾಗೆಯೇ ಕೇಳಿದಳು. ಮನೆಮನೆಯ ಮೆಟ್ಟಿಲು ಹತ್ತಿ, "ಏನಮ್ಮಾ, ಎರಡನೇ ಮಗೂಗೆ ಚುಚ್ಚುಮದ್ದು ಹಾಕ್ಸಿಲ್ಲ ನೀನು, ನಂಗೆ ನೆನಪಿದೆ. ಓಟಾದ್ರೂ ಸರಿಯಾಗಿ ಹಾಕು" ಎನ್ನುತ್ತಿದ್ದಳು. ಜನ ನಗುತ್ತಿದ್ದರು. ದೋಣಿಯ ಮಾತು ಬಂದಾಗ ಮಾತ್ರ ನಗು ನಿಲ್ಲುತ್ತಿತ್ತು. ಕಾಂದಾಳ ಅತ್ತೆ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಎದುರಿಗೆ ನಿಂತವನು ಕಮ್ನಾನನ ಮಗ. ಕಾಗದದಲ್ಲಿ ಉದ್ದನೆಯ ಹೆಸರಿತ್ತು. ಮನೆಯಲ್ಲಿ, ಊರಿನಲ್ಲಿ, ಪ್ರಚಾರದ ಫಲಕದಲ್ಲಿ ಅವನು ಬಾಸ್. ಇಪ್ಪತ್ತೊಂಬತ್ತು ವರ್ಷ. ಲಮೈ ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳ ಕೈಯಲ್ಲೇ ಹುಟ್ಟಿದವನು.

ಒಂದು ದಿನ ಹೊತ್ತೇರುವ ಮುಂಚೆ ಕಮ್ನಾನ್ ತಾನೇ ಬಂದ. ಬುಟ್ಟಿ ತುಂಬ ಚಕ್ಕೋತ ಹಣ್ಣು ತಂದಿದ್ದ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದರೂ ತಾನೇ ಮೊದಲು ಕೈ ಮುಗಿದ.

"ನರ್ಸಮ್ಮ, ನಮ್ಮ ಬಾಸ್‌ನ ಕಾಲು ಹಿಡಿದು ತಲೆಕೆಳಗೆ ಮಾಡಿ ಅಳಿಸಿದೋರು ನೀವೇ. ಈಗ ಮತ್ತೆ ಅಳಿಸ್ಬೇಕಾ ಅವನ್ನ?"

"ಅವತ್ತು ಅಳದಿದ್ರೆ ಉಸಿರಾಡ್ತಿರ್ಲಿಲ್ಲ ಕಮ್ನಾನ್ರೇ. ಇವತ್ತೂ ಅವನ ಒಳ್ಳೇದಕ್ಕೇ."

ಅವನು ಮನಸಾರೆ ನಕ್ಕ. ನಗು ಮುಗಿಸಿ ಒಂದು ಹಣ್ಣನ್ನು ಕೈಯಲ್ಲಿ ತೂಗಿ ನೋಡುತ್ತ, "ನಿಮ್ಮ ಮೇಲೆ ನಂಗೆ ಗೌರವ ಇದೆ. ಅದಕ್ಕೇ ಹೇಳ್ತಿದ್ದೀನಿ. ಗೆಲ್ಲೋದು ದೊಡ್ಡ ಮಾತಲ್ಲ. ಗೆದ್ದು ಕೂತ್ಕೊಳ್ಳೋದಿದೆಯಲ್ಲ, ಅದಕ್ಕೆ ಕುರ್ಚಿ ಒಂದೇ ಸಾಲದು" ಎಂದ. ಅವನು ಹೋದಮೇಲೆ ಲಮೈ ಬುಟ್ಟಿಯನ್ನು ಪಕ್ಕದ ವಿಹಾರದ ಭಿಕ್ಷುಗಳಿಗೆ ಕಳಿಸಿದಳು. ಅವನ ಮಾತನ್ನು ಮಾತ್ರ ಸೋಲುವವನ ಕೊಸರಾಟ ಎಂದುಕೊಂಡಳು.

ಮೂರು ಸಾವಿರ ಚಿಲ್ಲರೆ ಓಟಿನಿಂದ ಗೆದ್ದಳು. ಕಮ್ನಾನನ ಕಡೆಯವರಿಂದ ಅಕ್ಕಿಚೀಲ ಇಸಿದುಕೊಂಡು, ಅವರು ಕೊಟ್ಟ ಅಂಗಿ ತೊಟ್ಟುಕೊಂಡು ಹೋಗಿಯೇ ಜನ ಲಮೈಗೆ ಓಟು ಹಾಕಿ ಬಂದಿದ್ದರು. ಜೇ ಗಿಮ್ ಅಂದು ಬಂದವರಿಗೆಲ್ಲ ಬಿಟ್ಟಿ ನೂಡಲ್ ಹಾಕಿದಳು, ಮರುದಿನದಿಂದ ಅದನ್ನೇ ಲಮೈಗೆ ಹೇಳಿ ಹೇಳಿ ಹಂಗಿಸಿದಳು. ಸಂಗುವನ್ ಕೂಡ ಬಂದಿದ್ದ. ಬೆಳ್ಳಗಾದ ಹುಬ್ಬಿನ, ಸದಾ ಹುಂಜದ ಗರಿ ಅಂಟಿಸಿಕೊಂಡಿರುವ ಆ ಮುದುಕ ಸೊಸೆಯನ್ನು ಆಶೀರ್ವದಿಸುವವನಂತೆ ತಮ್ಮನ ಹೆಂಡತಿಯ ತಲೆ ಮುಟ್ಟಿ, "ಅವನಿರಬೇಕಿತ್ತು ತಂಗೀ" ಎಂದ. ಲಮೈಯ ಕಣ್ಣಲ್ಲಿ ನೀರು ಬಂದದ್ದು ಆ ದಿನ ಅದೊಂದೇ ಸಲ.

ಬ್ಯಾಂಕಾಕಿಗೆ ಹೋಗಿ ಪ್ರಮಾಣ ವಚನ ತೆಗೆದುಕೊಂಡಳು. ಪಕ್ಷದ ಕಿರಿಯರೊಂದಿಗೆ ಕೂತು ಮೊದಲ ಪ್ರಶ್ನೆ ಬರೆದಳು. ದೇಶದ ನೆರೆಪೀಡಿತ ಹೋಬಳಿಗಳಿಗೆ ಕೊಟ್ಟ ತುರ್ತು ದೋಣಿಗಳು ಎಷ್ಟು, ಈಗ ಎಲ್ಲಿವೆ, ಯಾರ ಕೈಯಲ್ಲಿವೆ? ಗುರುವಾರದ ಪಟ್ಟಿಯಲ್ಲಿ ಆ ಪ್ರಶ್ನೆ ಏಳನೆಯದು. ನಾಲ್ಕೈದು ಸಲ ಕನ್ನಡಿ ಮುಂದೆ ಓದಿಕೊಂಡಳು, ಎಲ್ಲಿ ಬೈದುಬಿಡುತ್ತೇನೋ ಎಂಬ ಹೆದರಿಕೆಗೆ.

ಮಂಗಳವಾರ ಆದೇಶ ಬಂತು. ಲಮೈಯ ಅರ್ಹತೆಯ ಮೇಲೆ ದೂರು ದಾಖಲಾಗಿದೆ. ನ್ಯಾಯಾಲಯ ತೀರ್ಮಾನಿಸುವವರೆಗೆ ಆಕೆ ಸಭೆಗೆ ಬರತಕ್ಕದ್ದಲ್ಲ. ಪ್ರಶ್ನೆ ಕೇಳಬೇಕಾದವರೇ ಇಲ್ಲದಿದ್ದರಿಂದ ಗುರುವಾರದ ಪಟ್ಟಿಯಿಂದ ಏಳನೆಯದನ್ನು ಹೊಡೆದು ಹಾಕಿದರು.

ಪಕ್ಷದ ವಕೀಲ ವಿತೂನ್ ಮೂವತ್ತೂ ತುಂಬದ ಹುಡುಗ. ಊಟ ಮಾಡುವಾಗಲೂ ಕಡತ ಬಿಡದವನು. ಅವನು ಮೇಜಿನ ಮೇಲೆ ಒಂದು ನಕಲು ಪ್ರತಿ ಹರಡಿದ.

"ದೊಡ್ಡಮ್ಮ, ಬುವಾ ಖಾವ್ ಮುದ್ರಣಾಲಯ ಅಂತ ಒಂದು ಕಂಪನಿ ನಿಮ್ಮ ಹೆಸರಲ್ಲಿದೆಯಾ?"

"ಅದು ನಮ್ಮ ಯಜಮಾನ್ರು, ಭಾವ ಸೇರಿ ನಡೆಸ್ತಿದ್ದ ಪ್ರೆಸ್ಸು. ಮುಚ್ಚಿ ಯಾವ ಕಾಲ ಆಯ್ತು! ಈಗ ಅಲ್ಲಿ ಹುಂಜ ಇದಾವೆ."

"ಬಾಗಿಲು ಮುಚ್ಚಿದ್ರಿ, ನೋಂದಣಿ ಮುಚ್ಚಿಲ್ಲ. ನಿಮ್ಮ ಯಜಮಾನರ ಪಾಲು ವಾರಸುದಾರರು ಅಂತ ನಿಮಗೆ ಬಂದಿದೆ. ಇಲ್ಲಿ ನೋಡಿ, ಕಂಪನಿಯ ಉದ್ದೇಶಗಳು. ಇಪ್ಪತ್ಮೂರನೇ ಕಲಮು."

ಅವಳು ಕನ್ನಡಕ ಏರಿಸಿ ಓದಿದಳು. 'ವೃತ್ತಪತ್ರಿಕೆ ಹಾಗೂ ನಿಯತಕಾಲಿಕಗಳ ಪ್ರಕಟಣೆ.' ಪತ್ರಿಕೆ, ರೇಡಿಯೋ, ಟೀವಿಯಲ್ಲಿ ಪಾಲು ಇರುವವರು ಚುನಾವಣೆಗೆ ನಿಲ್ಲಬಾರದು ಎಂಬ ನಿಯಮ ಅವಳಿಗೂ ಗೊತ್ತಿತ್ತು. ದೊಡ್ಡ ದೊಡ್ಡ ಸಾಹುಕಾರರು ಚಾನಲ್ಲು ಕೊಂಡು ಜನರ ಕಿವಿ ತುಂಬದಿರಲಿ ಅಂತ ಮಾಡಿದ್ದು ಅದು.

"ಇದು ಅಚ್ಚು ಹಾಕಿರೋ ಅರ್ಜಿ ಕಣಪ್ಪ! ತಾಲೂಕು ಕಚೇರಿ ಪಕ್ಕದ ಅಂಗಡೀಲಿ ಸಿಗ್ತಿತ್ತು. ನಲವತ್ತು ಕಲಮು ಮೊದಲೇ ಪ್ರಿಂಟಾಗಿರ್ತಿದ್ವು. ಅದರಲ್ಲಿ ರಬ್ಬರ್ ವ್ಯಾಪಾರ ಇದೆ, ಹಡಗು ರಿಪೇರಿ ಇದೆ. ನಾವು ಹಡಗು ರಿಪೇರಿ ಮಾಡಿದ್ವಾ?"

"ಅದನ್ನೇ ನಾನೂ ವಾದಿಸ್ತೀನಿ. ಒಂದೇ ಒಂದು ಮಾತು, ಯೋಚನೆ ಮಾಡಿ ಹೇಳಿ. ಆ ಪ್ರೆಸ್ಸಿಂದ ಯಾವತ್ತಾದ್ರೂ ಪತ್ರಿಕೆ ಅನ್ನೋ ಹಾಗಿದ್ದೇನಾದ್ರೂ ಹೊರಗೆ ಬಂದಿತ್ತಾ?"

"ಇಲ್ಲ" ಎಂದಳು ಲಮೈ. ಸುಳ್ಳು ಹೇಳುವ ಉದ್ದೇಶ ಅವಳಿಗಿರಲಿಲ್ಲ. ನಿಜಕ್ಕೂ ಮರೆತಿದ್ದಳು.

ವಿಚಾರಣೆಯ ದಿನ ಎದುರು ಪಕ್ಷದ ವಕೀಲ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಹಳದಿಗಟ್ಟಿದ ಮೂರು ಹಾಳೆ ಹೊರತೆಗೆದ. ಮೇಲೆ ದಪ್ಪಕ್ಷರದಲ್ಲಿ 'ತಾ ಸದಾವ್ ಸುದ್ದಿ'. ಇಪ್ಪತ್ತೈದು ವರ್ಷದ ಹಿಂದೆ, ಕೆಲಸವಿಲ್ಲದ ಮಳೆಗಾಲದಲ್ಲಿ, ಅಣ್ಣತಮ್ಮಂದಿರು ಮಿಕ್ಕ ಕಾಗದದಲ್ಲಿ ಹೊಡೆದದ್ದು. ಭತ್ತದ ಧಾರಣೆ, ವಿಹಾರದ ಹಬ್ಬದ ದಿನ, ಕಳೆದುಹೋದ ಎಮ್ಮೆ. ಮೂರು ತಿಂಗಳು ನಡೆದು ನಿಂತುಹೋಗಿತ್ತು. ಎರಡನೇ ಸಂಚಿಕೆಯ ಕೊನೆಯ ಮೂಲೆಯಲ್ಲಿ 'ಮಗುವಿಗೆ ಭೇದಿಯಾದರೆ' ಎಂಬ ಬರಹ. ಬರೆದವರು: ನರ್ಸ್ ಲಮೈ.

"ಇದು ನಿಮ್ಮದೇನಾ?" ಎಂದು ಕೇಳಿದ ವಕೀಲ.

"ನಂದೇ."

"ದಯವಿಟ್ಟು ಓದಿ."

ಲಮೈ ನಿಂತು ಓದಿದಳು. "ಮೀನಿನ ಸಾಸಿನ ಒಂದು ದೊಡ್ಡ ಸೀಸೆಯನ್ನು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿ. ಎರಡು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕಲಕಿ. ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ." ಓದುತ್ತ ಓದುತ್ತ ಅವಳ ದನಿ ಗಟ್ಟಿಯಾಯಿತು. ಆ ಮಳೆಗಾಲ ಭೇದಿಯಲ್ಲಿ ಐದು ಮಕ್ಕಳು ಹೋಗಿದ್ದವು. ಮುಂದಿನ ಮಳೆಗಾಲ ಒಂದೂ ಹೋಗಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದಳು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂದು ಮೇಲಿನಿಂದ ದನಿ ಬಂತು.

"ಹಾಗಾದರೆ ಕಂಪನಿ ಪತ್ರಿಕೆ ಹೊರಡಿಸಿದ್ದು ನಿಮಗೆ ಗೊತ್ತಿತ್ತು. ನೀವೇ ಅದರಲ್ಲಿ ಬರೆದಿದ್ದೀರಿ. ಇಷ್ಟಾದರೂ ಇಲ್ಲ ಎಂದು ಲಿಖಿತ ಹೇಳಿಕೆ ಕೊಟ್ಟಿದ್ದೀರಿ" ಎಂದು ಆ ವಕೀಲ ಮೃದುವಾಗಿ ಹೇಳಿ ಕೂತುಬಿಟ್ಟ. ವಿತೂನ್ ತನ್ನ ಕಡತ ಮುಚ್ಚಿದ.

ಆ ಮೂರು ಹಾಳೆ ಇದ್ದದ್ದು ಲೋಕದಲ್ಲಿ ಒಂದೇ ಕಡೆ. ಸಂಗುವನ್‌ನ ಹಾಸಿಗೆಯ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ, ತಮ್ಮನ ಫೋಟೋದ ಜೊತೆ.

ಮರುದಿನ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಹುಂಜದ ಕೋಣೆಗೆ ಹೋದಳು. ಸಂಗುವನ್ ಒಂದು ಹುಂಜವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಸಿನೀರಿನ ಬಟ್ಟೆಯಿಂದ ಅದರ ಎದೆ ಒರೆಸುತ್ತಿದ್ದ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಭಾವ, ಕೊಟ್ಟೋರು ನೀವೇನಾ?"

"ಕೇಳಿದ್ರು. ಕೊಟ್ಟೆ."

"ಯಾರು ಕೇಳಿದ್ರು?"

"ಯಾರು ಕೇಳ್ತಾರೆ ಅಂತ ನಿಂಗೊತ್ತಿಲ್ವಾ?" ಬಟ್ಟೆಯನ್ನು ಹಿಂಡಿ ಮತ್ತೆ ಅದ್ದಿದ. "ನನ್ನ ಮಗ ಎಕ್ ಹನ್ನೊಂದು ವರ್ಷದಿಂದ ಹೋಬಳಿ ಕಚೇರೀಲಿ ದಿನಗೂಲಿ. ಇಬ್ರು ಮಕ್ಕಳು. ಈ ಸಲ ಖಾಯಂ ಮಾಡ್ತೀವಿ ಅಂದ್ರು. ಹಾಳೆ ಕೊಡದೇ ಇದ್ರೆ ತೆಗೀತೀವಿ ಅಂತ್ಲೂ ಅಂದ್ರು. ಎರಡೂ ಒಂದೇ ಉಸಿರಲ್ಲಿ."

"ನಂಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ಏನು ಮಾಡ್ತಿದ್ದೆ? ಎಕ್‌ಗೆ ನೀನು ಕೆಲಸ ಕೊಡಿಸ್ತಿದ್ಯಾ? ನಿಮ್ಮ ಪಕ್ಷದಲ್ಲಿ ಯಾರಿಗೂ ಏನೂ ಕೊಡಿಸೋ ಹಾಗಿಲ್ವಲ್ಲ, ಅದೇ ನಿಮ್ಮ ದೊಡ್ಡಸ್ತಿಕೆ." ಹುಂಜವನ್ನು ಎದೆಗೆ ಒತ್ತಿಕೊಂಡ. "ನಾನು ಸುಳ್ಳು ಹೇಳಿದ್ನಾ ತಂಗೀ? ಇದ್ದಿದ್ದನ್ನ ಕೊಟ್ಟೆ. ಇಲ್ಲದ್ದು ಏನಾದ್ರೂ ಹುಟ್ಟಿಸಿದ್ನಾ?"

"ಇಲ್ಲ ಭಾವ. ಹುಟ್ಟಿಸಿದ್ದಿದ್ರೆ ನಂಗೆ ಇಷ್ಟು ಉರೀತಿರ್ಲಿಲ್ಲ."

ಹುಂಜ ಕತ್ತು ಹೊರಳಿಸಿ ಕೂಗಿತು. ಲಮೈ ತಿರುಗಿ ಬಂದಳು. ಮೂವತ್ತು ವರ್ಷ ಊರನ್ನೆಲ್ಲ ಬೈದವಳಿಗೆ ಆ ದಿನ ಬೈಯಲು ಒಂದು ಶಬ್ದ ಸಿಗಲಿಲ್ಲ. ಮುಂದಿನ ತಿಂಗಳು ಎಕ್‌ನ ಕೆಲಸ ಖಾಯಂ ಆಯಿತು.

ತೀರ್ಪು ಮಳೆ ಹಿಡಿಯುವ ಮುಂಚೆ ಬಂತು. ನಿಂತುಹೋದ ಕಂಪನಿಯಾದರೂ ಮತ್ತೆ ಯಾವಾಗ ಬೇಕಾದರೂ ಪತ್ರಿಕೆ ಹೊರಡಿಸಬಲ್ಲ ಕಂಪನಿ ಅದು, ಹಾಗಾಗಿ ಲಮೈ ಮೊದಲ ದಿನದಿಂದಲೇ ಅನರ್ಹಳು ಎಂದರು. ಆ ಕಂಪನಿಯಲ್ಲಿ ಯಂತ್ರವಿರಲಿಲ್ಲ, ಶಾಯಿಯಿರಲಿಲ್ಲ, ಅಕ್ಷರ ಜೋಡಿಸುವವನು ಎಂದೋ ಬೂದಿಯಾಗಿದ್ದ. ಅದಾವುದೂ ಕಾಗದದಲ್ಲಿ ಇರಲಿಲ್ಲ. ಕಾಗದದಲ್ಲಿ ಇದ್ದದ್ದು ಇಪ್ಪತ್ಮೂರನೇ ಕಲಮು.

ಮರುಚುನಾವಣೆಗೆ ಪಕ್ಷ ಒಬ್ಬ ಹೈಸ್ಕೂಲು ಮೇಷ್ಟ್ರನ್ನು ನಿಲ್ಲಿಸಿತು. ಲಮೈ ಅವನ ಜೊತೆ ಮತ್ತೆ ಮನೆಮನೆ ಮೆಟ್ಟಿಲು ಹತ್ತಿದಳು. ಮತದಾನಕ್ಕೆ ಒಂಬತ್ತು ದಿನ ಉಳಿದಿತ್ತು. ಜೇ ಗಿಮ್‌ಳ ಅಂಗಡಿಯ ಟೀವಿಯಲ್ಲಿ ಸುದ್ದಿ ಬಂತು. ಹೊಸ ಹೆಜ್ಜೆ ಪಕ್ಷವನ್ನೇ ವಿಸರ್ಜಿಸಲಾಗಿದೆ. ಅವರ ಪ್ರಣಾಳಿಕೆಯ ಒಂದು ಭರವಸೆ ದೇಶದ ಆಡಳಿತದ ಬುಡಕ್ಕೆ ಕೊಡಲಿ ಹಾಕುವಂಥದ್ದು ಎಂದು ನ್ಯಾಯಾಲಯ ಕಂಡುಕೊಂಡಿತ್ತು. ಮುಖಂಡರಿಗೆಲ್ಲ ಹತ್ತು ವರ್ಷ ನಿಷೇಧ. ಪಕ್ಷವೇ ಇಲ್ಲದ ಮೇಲೆ ಅಭ್ಯರ್ಥಿ ಎಲ್ಲಿಂದ? ಮೇಷ್ಟ್ರು ನೂಡಲ್ ಬಟ್ಟಲಿನ ಮುಂದೆ ಕಡ್ಡಿ ಹಿಡಿದು ಹಾಗೇ ಕೂತಿದ್ದ.

"ತಿನ್ನಿ ಮೇಷ್ಟ್ರೇ, ಆರೋಗುತ್ತೆ" ಎಂದಳು ಜೇ ಗಿಮ್. "ಪಕ್ಷ ಹೋಯ್ತು, ಹಸಿವು ಇನ್ನೂ ವಿಸರ್ಜನೆ ಆಗಿಲ್ಲ."

ಯಾರೂ ನಗಲಿಲ್ಲ. ಜೇ ಗಿಮ್ ತಾನೂ ನಗಲಿಲ್ಲ. ಆ ವಾರವೇ ಅವಳ ಅಂಗಡಿಗೆ ನೈರ್ಮಲ್ಯದವರು ಮೂರು ಸಲ ಬಂದು ಹೋಗಿದ್ದರು. ಸಾರಿನ ಹಂಡೆಯೊಳಗೆ ಇಣುಕಿ, ಗೋಡೆಯ ಮೇಲಿನ ಲಮೈಯ ಚಿತ್ರವನ್ನೂ ನೋಡಿ, ಗೋಡೆ ಗಲೀಜು ಎಂದು ಬರೆದುಕೊಂಡಿದ್ದರು. ಅವಳು ಆ ಚಿತ್ರವನ್ನು ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟಳು. "ಕೋಪ ಮಾಡ್ಕೋಬೇಡ ಕಣೇ" ಎಂದಳು ಲಮೈಗೆ. ಲಮೈ, "ಡಬ್ಬದ ಹಿಂದೆ ಇಲಿ ಇರುತ್ವೆ, ಒಳಗಿಡು" ಎಂದಳು.

ಬಾಸ್ ಗೆದ್ದ. ಎದುರಿಗೆ ಇದ್ದದ್ದು ಯಾರೂ ಹೆಸರು ಕೇಳದ ಇಬ್ಬರು ಮಾತ್ರ. ಜನರಲ್ಲಿ ಅರ್ಧದಷ್ಟು ಮತಗಟ್ಟೆಗೇ ಹೋಗಲಿಲ್ಲ. ಗೆದ್ದವನು ಮೆರವಣಿಗೆಯಲ್ಲಿ ಲಮೈಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕೆಳಗಿಳಿದು, ತಲೆ ಬಗ್ಗಿಸಿ ಕೈ ಮುಗಿದ. ಅದು ಅಣಕವೋ ನಿಜವಾದ ಗೌರವವೋ ಅವಳಿಗೆ ತಿಳಿಯಲಿಲ್ಲ. ಹುಡುಗನ ಮುಖದಲ್ಲಿ ಕೆಟ್ಟತನವೇನೂ ಕಾಣಲಿಲ್ಲ. ಅದೇ ಅವಳಿಗೆ ಹೆಚ್ಚು ಕಹಿಯಾಯಿತು. ಇವನು ಒಳ್ಳೆಯ ಹುಡುಗನಾಗಿಯೇ ಇರಬಹುದು, ಇವನ ಕೈಗೆ ಎಲ್ಲವೂ ತಾನಾಗಿ ಬಂದು ಬೀಳುತ್ತಿದ್ದರೆ ಇವನು ಕೆಟ್ಟವನಾಗಬೇಕಾದ ಅಗತ್ಯವಾದರೂ ಏನು?

ಅಲ್ಲಿಗೆ ಮುಗಿಯಲಿಲ್ಲ. ಅನರ್ಹಳೆಂದು ಗೊತ್ತಿದ್ದೂ ಚುನಾವಣೆಗೆ ನಿಂತಳು ಎಂದು ಅವಳ ಮೇಲೆ ಬೇರೆ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಎರಡು ವರ್ಷ ಪ್ರತಿ ತಿಂಗಳು ನ್ಯಾಯಾಲಯಕ್ಕೆ ಅಲೆದಳು. ಮುಂದಿನ ದಿನಾಂಕ, ಮುಂದಿನ ದಿನಾಂಕ. ಕಟಕಟೆಯಲ್ಲಿ ಒಂದೇ ಪ್ರಶ್ನೆಯನ್ನು ಮೂರು ತರಹ ಕೇಳಿದರು. ಮರೆತಿದ್ದೆ ಎಂದು ಅವಳು ಮೂರು ಸಲವೂ ಹೇಳಿದಳು. ಸಾವಿರಾರು ಹೆರಿಗೆಯ ತಾರೀಖು ನೆನಪಿರುವವರು ತಮ್ಮದೇ ಬರಹ ಮರೆಯುವುದು ನಂಬುವಂಥದ್ದಲ್ಲ ಎಂದು ತೀರ್ಪಿನಲ್ಲಿ ಬರೆದರು. ಒಂದು ವರ್ಷದ ಸಜೆ, ವಯಸ್ಸು ಹಾಗೂ ಸೇವೆ ನೋಡಿ ಅದನ್ನು ಅಮಾನತಿನಲ್ಲಿ ಇಡಲಾಗಿದೆ. ಇಪ್ಪತ್ತು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ, ಓಟು ಹಾಕುವಂತಿಲ್ಲ.

ಬಸ್ಸಿನಲ್ಲಿ ಊರಿಗೆ ಬರುವಾಗ ವಿತೂನ್ ಅವಳ ಪಕ್ಕದಲ್ಲಿ ಕೂತು ಅತ್ತ. ಅವಳು ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ತೆಗೆದು ಅವನ ಕೈಗಿಟ್ಟಳು.

"ಜೈಲಿಗೆ ಹೋಗ್ಲಿಲ್ವಲ್ಲ, ಯಾಕಪ್ಪ ಅಳ್ತೀಯ?"

"ಇಪ್ಪತ್ತು ವರ್ಷ ದೊಡ್ಡಮ್ಮ! ನಿಮಗೆ ಎಪ್ಪತ್ತೈದು ಆಗಿರುತ್ತೆ."

"ಆಗಿರ್ಲಿ. ನಮ್ಮಜ್ಜಿ ತೊಂಬತ್ತರವರೆಗೆ ಅಡಿಕೆ ಜಗೀತಿದ್ಲು." ಹಾಗೆಂದಳಾದರೂ ಕಿಟಕಿಯ ಕಡೆ ತಿರುಗಿಕೊಂಡಳು.

ಊರು ನಿಧಾನವಾಗಿ ಅವಳಿಂದ ದೂರ ಸರಿಯಿತು. ದ್ವೇಷದಿಂದಲ್ಲ. ಬಾಳೆಗೊನೆ ಬರುವುದು ನಿಂತಿತು. ದಾರಿಯಲ್ಲಿ ಸಿಕ್ಕವರು ಹೇಗಿದ್ದೀರಿ ಎನ್ನುವ ಮುಂಚೆ ಹಿಂದೆ ಮುಂದೆ ನೋಡುತ್ತಿದ್ದರು. ಬಾಸ್‌ನ ಮುತುವರ್ಜಿಯಿಂದ ಹೋಬಳಿಗೆ ಹೊಸ ದೋಣಿ ಬಂತು, ಎರಡೂ ಬದಿಗೆ ಅವನ ನಗುಮುಖ. "ಯಾರು ತಂದ್ರೇನು, ದೋಣಿ ಬಂತಲ್ಲ ನರ್ಸಮ್ಮ" ಎಂದು ಕಾಂದಾಳ ಅತ್ತೆಯೇ ಹೇಳಿದಳು. ಲಮೈ ಹೌದೆಂದಳು. ಹೌದಲ್ಲದೆ ಇನ್ನೇನು ಹೇಳಬೇಕಿತ್ತು? ಸಂಗುವನ್ ದಾರಿಯಲ್ಲಿ ಎದುರಾದರೆ ಇಬ್ಬರೂ ಕೈ ಮುಗಿಯುತ್ತಿದ್ದರು, ಹಾಗೇ ಹೋಗುತ್ತಿದ್ದರು. ಪ್ರಾಯೂನನ ವರ್ಷದ ಪುಣ್ಯಕಾರ್ಯವನ್ನು ಈಗ ಎರಡು ವಿಹಾರಗಳಲ್ಲಿ ಬೇರೆ ಬೇರೆ ಮಾಡುತ್ತಾರೆ.

ಹೊಸ ಚುನಾವಣೆ ಹತ್ತಿರವಾದಾಗ ಉಳಿದ ಹುಡುಗರು ಬೇರೆ ಹೆಸರಿನಲ್ಲಿ ಮತ್ತೆ ಪಕ್ಷ ಕಟ್ಟಿದರು. ಅಭ್ಯರ್ಥಿಯಾಗಿ ಒರಾಸಾ ಎಂಬ ಮೂವತ್ನಾಲ್ಕರ ಹೆಂಗಸನ್ನು ಕರೆತಂದರು. ಹಾಲಿನ ಸಹಕಾರ ಸಂಘದಲ್ಲಿ ಕೆಲಸ ಮಾಡುವವಳು, ಮಾತಿನಲ್ಲಿ ಚುರುಕು. ಲಮೈ ಅವಳ ಪರ ಒಂದು ಮಾತು ಆಡುವಂತಿಲ್ಲ, ವೇದಿಕೆ ಹತ್ತುವಂತಿಲ್ಲ. ಹತ್ತಿದರೆ ಅದೇ ಹೊಸ ಪಕ್ಷಕ್ಕೆ ಉರುಳಾಗುತ್ತದೆ.

ಒಂದು ಬೆಳಗ್ಗೆ ಲಮೈ ಒರಾಸಾಳ ಮನೆಗೆ ಹೋದಳು. "ನಿಮ್ಮನೇಲಿ ಇರೋ ಕಾಗದ ಪತ್ರ ಎಲ್ಲಾ ತಗೊಂಡು ಬಾ" ಎಂದಳು.

"ಎಲ್ಲಾನಾ ಅಕ್ಕ?"

"ನಿಂದು, ಗಂಡಂದು, ನಿಮ್ಮಪ್ಪಂದು, ಸತ್ತೋಗಿರೋ ಅಜ್ಜೀದು. ಎಲ್ಲಾ."

ಇಬ್ಬರೂ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತರು. ಜನನ ಪತ್ರ, ಜಮೀನಿನ ಪತ್ರ, ಸೈಕಲ್ ರಸೀದಿ, ಶಾಲೆಯ ಪದಕ. ಒಂದೊಂದನ್ನೂ ಲಮೈ ಬೆಳಕಿಗೆ ಹಿಡಿದು ಓದಿದಳು, ಎಳೆಮಗುವಿನ ಮೈಮೇಲೆ ದದ್ದು ಹುಡುಕುವ ಹಾಗೆ. ಒರಾಸಾಳ ಮಾವ ಯಾವುದೋ ಕಾಲದಲ್ಲಿ ಊರ ರೇಡಿಯೋ ಸಂಘದ ಸದಸ್ಯನಾಗಿದ್ದ ಚೀಟಿ ಸಿಕ್ಕಿತು. ಅದಕ್ಕೆ ಮಾವನಿಂದ ರಾಜೀನಾಮೆ ಪತ್ರ ಬರೆಸಿ, ಸಹಿ ಮಾಡಿಸಿ, ನಾಲ್ಕು ಪ್ರತಿ ತೆಗೆಸಿದಳು. ಮಧ್ಯಾಹ್ನದ ಹೊತ್ತಿಗೆ ಒರಾಸಾಳ ಮುಖ ಬಾಡಿತ್ತು.

"ಇಷ್ಟೆಲ್ಲ ಸರಿ ಮಾಡ್ಕೊಂಡ್ರೆ ನನ್ನನ್ನ ಬಿಡ್ತಾರಾ ಅಕ್ಕ?"

"ಇಲ್ಲ. ಇನ್ನೇನಾದ್ರೂ ಹುಡುಕ್ತಾರೆ."

"ಮತ್ತೆ ಯಾಕಿಷ್ಟು ಕಷ್ಟ?"

"ಹುಡುಕೋ ಕಷ್ಟ ಅವರೂ ಸ್ವಲ್ಪ ಪಡ್ಲಿ ಅಂತ."

ಒರಾಸಾ ನಾಮಪತ್ರ ಹಾಕಿದ ಐದನೆಯ ದಿನ ದೂರು ಬಂತು. ಹನ್ನೊಂದು ವರ್ಷದ ಹಿಂದೆ, ಕಾಲೇಜಿನಲ್ಲಿದ್ದಾಗ, ಅರಸು ಮನೆತನದ ಬಗ್ಗೆ ಯಾರೋ ಎತ್ತಿದ್ದ ಒಂದು ಪ್ರಶ್ನೆಯನ್ನು ಅವಳು ತನ್ನ ಫೋನಿನಲ್ಲಿ ಹಂಚಿಕೊಂಡಿದ್ದಳಂತೆ, ಅದು ಅರಸರಿಗೆ ಮಾಡಿದ ಅವಮಾನವಂತೆ. ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಲಮೈ ಆ ಕಾಗದವನ್ನು ಎರಡು ಸಲ ಓದಿ, ಠಾಣೆಗೆ ಹೋಗುವ ಬಸ್ಸು ಏಳೂವರೆಗೆ, ಅಲ್ಲಿ ಕೂರಿಸಿ ಕಾಯಿಸುತ್ತಾರೆ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಬೇಕು ಎಂದಳು.